ನೀರಿನ ಪಾಠ

ಕರಿಕಲ್ಲಹಟ್ಟಿ, ಮತ್ತೋಡು ಹೋಬಳಿ
೧೪ ಫೆಬ್ರವರಿ ೧೯೦೯

ಪ್ರಿಯ ಗಂಗಾಧರಪ್ಪನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಕಾಗದ ಶುರು ಮಾಡುವುದು ವಾಡಿಕೆ. ಕ್ಷೇಮವಿಲ್ಲ, ಆದ್ದರಿಂದ ಬರೆಯುವುದಿಲ್ಲ. ನೀನು ಶಾಲಾ ಇನ್‌ಸ್ಪೆಕ್ಟರಾಗಿ ಹೊಳಲ್ಕೆರೆಗೆ ಬಂದೆಯೆಂದೂ, ನಮ್ಮ ಹೊಸದುರ್ಗದ ಕಡೆಯ ಹಳ್ಳಿ ಶಾಲೆಗಳೂ ನಿನ್ನ ಕೈಕೆಳಗೆ ಬಂದುವೆಂದೂ ಕೇಳಿ ಸಂತೋಷಪಟ್ಟೆ. ಮೇಷ್ಟ್ರ ತರಬೇತಿಗೆಂದು ನಾರ್ಮಲ್ ಸ್ಕೂಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರಲ್ಲಿ ಒಬ್ಬನಾದರೂ ಕೋಟು ಹಾಕಿದನಲ್ಲ.

ಈ ವರ್ಷದಿಂದ ವಸ್ತುಪಾಠ ಕಡ್ಡಾಯವೆಂದು ಪುಸ್ತಕ ಬಂದಿದೆ. ಹಳ್ಳಿಯ ಮಕ್ಕಳಿಗೂ ವಿಜ್ಞಾನ ಕಲಿಸಬೇಕಂತೆ. ಕಲಿಸೋಣ, ಬೇಡವೆಂದವರು ಯಾರು? ಅದರಲ್ಲಿ ಒಂದು ಪಾಠ ‘ನೀರು’. ‘ನೀರು ನಿರ್ಮಲವಾದ ವಸ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.’ ಇದನ್ನು ಬರೆದ ಮಹಾನುಭಾವ ಯಾವ ಊರಿನ ನೀರು ಕುಡಿದು ಬೆಳೆದನೋ! ನಮ್ಮೂರಿಗೆ ಇರುವುದು ಒಂದೇ ಮೆಟ್ಟಿಲು ಬಾವಿ. ಬೇಸಿಗೆ ಹತ್ತಿರವಾದಂತೆ ನೀರು ಹಸಿರು. ಪಾಚಿಯ ನಾತ. ಬಾಯಿಗೆ ಹಾಕಿದರೆ ಕೊಳೆತ ಎಲೆಯ ಒಗರು. ಜನ ಮೆಟ್ಟಿಲಿಳಿದು ನೀರಿನಲ್ಲೇ ನಿಂತು ಕೊಡ ತುಂಬುತ್ತಾರೆ. ಅಷ್ಟೇ ಆಗಿದ್ದರೆ ನಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನಾರುಹುಣ್ಣಾದವರು ಕೊನೆಯ ಮೆಟ್ಟಿಲಲ್ಲಿ ಕೂತು ಹುಣ್ಣಿನ ಕಾಲನ್ನು ನೀರಿಗೆ ಇಳಿಬಿಡುತ್ತಾರೆ. ಉರಿ ಇಳಿಯುತ್ತದಂತೆ. ಹುಣ್ಣಿನ ಬಾಯಿಂದ ದಾರದಂಥ ಬಿಳಿ ಹುಳ ತಲೆ ಹೊರಗೆ ಹಾಕಿರುತ್ತದೆ. ನೀರು ಸೋಕಿದ ಕೂಡಲೇ ಅದರಿಂದ ಹಾಲಿನಂಥದ್ದು ಸೋರುತ್ತದೆ. ಮಗ್ಗುಲಲ್ಲೇ ಇನ್ನೊಬ್ಬಳು ಕೊಡ ಮುಳುಗಿಸುತ್ತಾಳೆ. ಥೂ!

ಚಿತ್ರದುರ್ಗದಲ್ಲಿ ಒಬ್ಬ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಆ ಹಾಲಿನಂಥದ್ದು ಹುಳದ ಮರಿಗಳು. ನೀರಿನಲ್ಲಿರುವ ಸಣ್ಣ ಜೀವಿಗಳು ಅವನ್ನು ನುಂಗುತ್ತವೆ, ಆ ಜೀವಿಗಳನ್ನು ನಾವು ನೀರಿನ ಜೊತೆ ನುಂಗುತ್ತೇವೆ. ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ ಕಾಲಿನಲ್ಲಿ ಹುಳ ಹೊರಡುತ್ತದೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿ ಕುಡಿದರೆ ರೋಗವಿಲ್ಲ.

ನಿಮ್ಮ ಪುಸ್ತಕದ ಜೊತೆಗೆ ಬಂದ ಪೆಟ್ಟಿಗೆಯಲ್ಲಿ ಒಂದು ಭೂತಗನ್ನಡಿ ಇತ್ತು. ಮಕ್ಕಳನ್ನು ಬಾವಿಗೇ ಕರೆದುಕೊಂಡು ಹೋಗಿ, ಗಾಜಿನ ಲೋಟದಲ್ಲಿ ನೀರು ಹಿಡಿದು ತೋರಿಸಿದೆ. ಚಿಗಟದಂತೆ ಕುಪ್ಪಳಿಸುವ ಚುಕ್ಕಿಗಳು! ಕೂಲಿಯ ಓಬಯ್ಯನ ಮಗಳು ಚಿತ್ತಮ್ಮ ಕನ್ನಡಿಯನ್ನು ಯಾರಿಗೂ ಕೊಡಲೊಲ್ಲಳು. “ಮೇಷ್ಟ್ರೇ, ಇವು ನಮ್ಮ ಹೊಟ್ಟೆಯಾಗೂ ಹಿಂಗೇ ಕುಣೀತಾವೇನ್ರಿ?” ಎಂದು ಕೇಳಿದಳು. ಮಾರನೆಯ ದಿನ ಸೋಸಿದ ನೀರನ್ನು ತಂದು ಕನ್ನಡಿಯಲ್ಲಿ ತಾನೇ ನೋಡಿ, “ಸೋಸಿದ್ರಾಗೆ ಒಂದೂ ಇಲ್ಲ, ಬಟ್ಟೆಯಾಗೆ ಅವೆ” ಎಂದಳು. ನಾನು ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ನನಗೆ ಅಷ್ಟು ಸಂತೋಷ ಇನ್ನೊಂದು ದಿನ ಆಗಿಲ್ಲ.

ಓಬಯ್ಯ ಹೆಣ್ಣುಮಗಳನ್ನು ಶಾಲೆಗೆ ಕಳಿಸುತ್ತಿರುವುದೇ ನನ್ನ ಕಾಟಕ್ಕೆ. “ಇನಿಸ್ಪೆಟ್ರು ಪಾಸು ಮಾಡಿದ್ರೆ ಇನ್ನೊಂದೊರ್ಸ ಓದ್ಲಿ. ಇಲ್ಲಾಂದ್ರೆ ಆದಿವಾಲದಾಗೆ ನಮ್ಮಕ್ಕನ ಮನಿಗೆ ಕಳಿಸ್ತೀನಿ, ಮಕ್ಳನ್ನ ಎತ್ಕಂಡಿರ್ಲಿ” ಎಂದು ಕಡ್ಡಿ ಮುರಿದಂತೆ ಹೇಳಿದ್ದಾನೆ. ಹಾಗಾಗಿ ನನ್ನದೊಂದೇ ಬೇಡಿಕೆ. ಈ ಮಕ್ಕಳನ್ನು ಪರೀಕ್ಷೆ ಮಾಡುವಾಗ ಅವರು ಕಂಡದ್ದನ್ನು ಕೇಳು.

ನಿನ್ನ
ಪಂಚಾಕ್ಷರಪ್ಪ

ಹೊಳಲ್ಕೆರೆ
೧ ಮಾರ್ಚಿ ೧೯೦೯

ಮಿತ್ರ ಪಂಚಾಕ್ಷರಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಊಟದ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದು ತಪ್ಪಾಯಿತು. ನಮ್ಮ ಮನೆಯವಳು ಎಲೆ ಬಿಟ್ಟು ಎದ್ದಳು. ಇನ್ನು ಮುಂದೆ ಇಂಥವನ್ನು ಬರೆಯುವಾಗ ವಿವೇಚನೆ ಇರಲಿ.

ನಿನ್ನ ಮನಸ್ಸಿನಲ್ಲಿರುವುದು ನನಗೆ ಅರ್ಥವಾಯಿತು. ಆ ಊರು ನಿನಗೆ ಬೇಸರವಾಗಿದೆ, ವರ್ಗ ಬೇಕಾಗಿದೆ. ಬಾಯಿ ಬಿಟ್ಟು ಕೇಳುವುದಕ್ಕೆ ಸಂಕೋಚಪಟ್ಟು ಬಾವಿಯ ಕಥೆ ಹೇಳಿದ್ದೀಯೆ. ಸಮಯ ಬಂದಾಗ ನೋಡೋಣ. ಅಲ್ಲಿಯವರೆಗೆ ಪುಸ್ತಕವನ್ನು ಬಿಟ್ಟು ಹೋಗಬೇಡ. ಪಂಡಿತರು ಕೂತು ಬರೆದ ಪಾಠ. ನೀರಿನ ಪಾಠವಂತೂ ಎಲ್ಲಕ್ಕಿಂತ ಸುಲಭ; ದಡ್ಡ ಮಕ್ಕಳೂ ಒಪ್ಪಿಸುತ್ತಾರೆ. ಒಂದೊಂದು ಊರಿಗೆ ಒಂದೊಂದು ನೀರು ಎಂದು ಹೊರಟರೆ ಪರೀಕ್ಷೆ ನಡೆಸುವುದು ಹೇಗೆ?

ಏಪ್ರಿಲಿನಲ್ಲಿ ನಿಮ್ಮ ಕಡೆ ಬರುತ್ತೇನೆ. ನಿಮ್ಮೂರ ಪಟೇಲ ಅಜ್ಜಪ್ಪನವರು ಊಟಕ್ಕೆ ಈಗಲೇ ಹೇಳಿ ಕಳಿಸಿದ್ದಾರೆ.

ಇತಿ,
ಗಂಗಾಧರಪ್ಪ

ಕರಿಕಲ್ಲಹಟ್ಟಿ
೨೦ ಮಾರ್ಚಿ ೧೯೦೯

ಗಂಗಾಧರ,

ನನಗೆ ವರ್ಗ ಬೇಡ ಮಾರಾಯ. ಇನ್ನೆಷ್ಟು ಬಿಡಿಸಿ ಬರೆಯಲಿ?

ಇಲ್ಲಿಯ ಅವಾಂತರ ಕೇಳು. ಮಕ್ಕಳು ಮನೆಗೆ ಹೋಗಿ ನೀರಿನಲ್ಲಿ ಹುಳ ಕಂಡೆವೆಂದು ಹೇಳಿದರು. ಪಟೇಲ ಅಜ್ಜಪ್ಪನವರು ಶಾಲೆಗೇ ಬಂದರು. ಬಾವಿ ಕಟ್ಟಿಸಿದ್ದು ಅವರ ಅಜ್ಜ. “ಏನ್ ಮೇಷ್ಟ್ರೇ, ಹುಟ್ಟಿದಾಗಿಂದ ಮಡಿಯಾಗಿ ಬದುಕಿದೀವಿ. ಈಗ ನೀವು ಬಂದು ನಮ್ಮನ್ನ ಮಾಂಸ ತಿಂದೋರ್ನ ಮಾಡಿದ್ರಲ್ರೀ!” ಎಂದರು. ಕನ್ನಡಿಯಲ್ಲಿ ತಾವೂ ನೋಡಿದರು, ಮುಖ ಕಿವುಚಿಕೊಂಡರು, ಎದ್ದು ಹೋದರು. ನನಗೆ ಗೆದ್ದೆನೆಂಬ ಹಿಗ್ಗು. ಎರಡು ದಿನ ಬಿಟ್ಟು ನೋಡುತ್ತೇನೆ, ಅವರ ಮನೆಯವರು ಬಾವಿಯಲ್ಲಿ ನೀರನ್ನು ಸೋಸುತ್ತಿದ್ದಾರೆ! ಸೋಸಿ, ಆ ಬಟ್ಟೆಯನ್ನು ಬಾವಿಯ ನೀರಿನಲ್ಲೇ ಮೆಲ್ಲಗೆ ಜಾಲಾಡಿಸಿ ಹುಳಗಳನ್ನು ವಾಪಸು ಬಿಡುತ್ತಿದ್ದಾರೆ. ಯಾಕೆಂದು ಕೇಳಿದರೆ ಪಟೇಲರ ಹೆಂಡತಿ ಪಾರ್ವತಮ್ಮನವರು, “ಕಣ್ಣಾರೆ ಕಂಡ ಮ್ಯಾಲೆ ಜೀವ ಕೊಲ್ಲಕಾಗುತ್ತೇನ್ರಿ? ಪಾಪ, ಅವೂ ಬದುಕ್ಲಿ” ಎಂದರು. ಆದರೆ ಕೊನೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟವರನ್ನು ಏಳಿಸಲು ಯಾರಿಗೂ ಬಾಯಿಲ್ಲ. ಆಮೇಲೆ ಬೇಸರ ಬಂದು ಸೋಸುವುದನ್ನೇ ಬಿಟ್ಟರು. ಈಗ ಊರಿಗೆ ಅಸಹ್ಯವಾಗಿರುವುದು ನೀರಲ್ಲ, ನಾನು. ನಾನು ಯಾರ ಮನೆಯ ಜಗಲಿಗೆ ಹೋದರೂ ಹುಳದ ಮೇಷ್ಟ್ರು ಬಂದರು ಎಂದು ಹೆಂಗಸರು ಒಳಗೆ ಹೋಗುತ್ತಾರೆ.

ಬಿಡದೆ ಸೋಸುವುದು ಓಬಯ್ಯನ ಮನೆಯಲ್ಲಿ ಮಾತ್ರ. ಅವನ ಹೆಂಡತಿ ಮುದ್ದಕ್ಕ ಪಟೇಲರ ಮನೆಯ ಮುಸುರೆ ಕೆಲಸದವಳು. “ನನ್ನ ಮಗ್ಳು ಬಿಡ್ತಾಳೇನ್ರಿ? ಸೋಸದಿದ್ರೆ ಗಡಿಗೇನೇ ಬೋರಲು ಹಾಕ್ತಾಳೆ” ಎನ್ನುತ್ತಾಳೆ.

ನಿನ್ನ ಭಯಕ್ಕೆ ಪುಸ್ತಕದ ಸಾಲುಗಳನ್ನೂ ಮಕ್ಕಳಿಂದ ಹೇಳಿಸಿದ್ದೇನೆ. ನೀನು ಬಂದಾಗ ಬಾವಿಯನ್ನೊಮ್ಮೆ ನೋಡು.

ಪಂಚಾಕ್ಷರಪ್ಪ

ಹೊಳಲ್ಕೆರೆ
೧೬ ಏಪ್ರಿಲ್ ೧೯೦೯

ಕರಿಕಲ್ಲಹಟ್ಟಿ ಶಾಲೆಯ ಉಪಾಧ್ಯಾಯರಿಗೆ,

ತಮ್ಮ ಶಾಲೆಯ ತನಿಖೆ ಮುಗಿದಿರುತ್ತದೆ. ವಾಚನ, ಕಾಗುಣಿತ, ಲೆಕ್ಕ ಇವು ತೃಪ್ತಿಕರ. ವಸ್ತುಪಾಠದಲ್ಲಿ ಓಬಯ್ಯನ ಮಗಳು ಚಿತ್ತಮ್ಮ ಎಂಬ ವಿದ್ಯಾರ್ಥಿನಿಯ ಹೊರತು ಉಳಿದವರು ತೇರ್ಗಡೆ ಹೊಂದಿರುತ್ತಾರೆ. ಸದರಿ ವಿದ್ಯಾರ್ಥಿನಿಯು ನೀರಿನ ಗುಣಗಳನ್ನು ತಿಳಿಯದೆ ಇರುವುದಲ್ಲದೆ ಉದ್ಧಟತನದಿಂದ ವರ್ತಿಸಿದ್ದರಿಂದ ಅನುತ್ತೀರ್ಣಳು. ಉಪಾಧ್ಯಾಯರು ಮಂಜೂರಾದ ಪುಸ್ತಕವನ್ನು ಅನುಸರಿಸತಕ್ಕದ್ದು.

ಗಂಗಾಧರಪ್ಪ, ಇನ್‌ಸ್ಪೆಕ್ಟರು

ಇದು ಖಾಸಗಿ. ಪಂಚಾಕ್ಷರಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಬ್ಬಳು ಫೇಲಾದರೆ ನಿನಗೇನೂ ಕುಂದಿಲ್ಲ. ಪಟೇಲರ ಮನೆಯ ಹೋಳಿಗೆ ಬಹಳ ಚೆನ್ನಾಗಿತ್ತು.

ಕರಿಕಲ್ಲಹಟ್ಟಿ
೨೭ ಏಪ್ರಿಲ್ ೧೯೦೯

ಇನ್‌ಸ್ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ,

ಹೋಳಿಗೆ ಚೆನ್ನಾಗಿತ್ತೇ? ಸಂತೋಷ.

ತರಗತಿಯಲ್ಲಿ ನಾನೂ ಇದ್ದೆ. ನೀರಿನ ಗುಣಗಳೇನು ಎಂದೆ ನೀನು. ಉಳಿದ ಮಕ್ಕಳು ಭಜನೆಯಂತೆ ಒಪ್ಪಿಸಿದರು, ನೀನು ತಲೆದೂಗಿದೆ. ಚಿತ್ತಮ್ಮ ಮಾತ್ರ, “ಯಾವ ನೀರು ಸ್ವಾಮಿ?” ಎಂದಳು. ನೀರೆಂದರೆ ನೀರು ಎಂದು ನೀನು ಗದರಿದೆ. “ನಮ್ಮ ಬಾವಿ ನೀರು ಹಸ್ರು ಐತೆ. ನಾತ ಬರ್ತೈತೆ. ಹುಳ ಅವೆ. ಸೋಸಿದ್ರೆ ಹುಳ ಹೋಗ್ತಾವೆ, ನಾತ ಹೋಗಲ್ಲ” ಎಂದಳು. ಅಯ್ಯಾ, ಆ ಇಡೀ ದಿನದಲ್ಲಿ ನಿನಗೆ ಸಿಕ್ಕ ವಿಜ್ಞಾನದ ಮಾತು ಅದೊಂದೇ! ನೀನು ನಕ್ಕೆ. ನೀನು ನಕ್ಕೆಯೆಂದು ಪಟೇಲರು ನಕ್ಕರು, ಪಟೇಲರು ನಕ್ಕರೆಂದು ಬಾಗಿಲಲ್ಲಿ ನಿಂತ ತಳವಾರನೂ ನಕ್ಕ.

ಫೇಲು ಮಾಡಿದ್ದು ಆ ಉತ್ತರಕ್ಕೆಂದು ತಿಳಿದಿದ್ದೆ. ಉದ್ಧಟತನ ಯಾವುದೆಂದು ಹೊಳೆದಿರಲಿಲ್ಲ. ನಿನ್ನೆ ಮುದ್ದಕ್ಕ ಬಂದು ಅತ್ತುಕೊಂಡು ಹೇಳಿದಳು. ಅದೇ ದಿನ ಊಟಕ್ಕೆ ಹೋದಾಗ ಪಟೇಲರ ಜಗಲಿಯಲ್ಲಿ ನಿನ್ನ ಮುಂದೆ ಚೊಂಬಿನ ನೀರು ಇಟ್ಟಿದ್ದರಂತೆ. ತಾಯಿಯ ಜೊತೆ ಬಂದಿದ್ದ ಹುಡುಗಿ, ನೀನು ಚೊಂಬು ಎತ್ತುವುದನ್ನು ಕಂಡು ಓಡಿ ಬಂದು ಒಗೆದ ಬಟ್ಟೆ ನೀಡಿ, “ಸೋಸ್ಕಂಡು ಕುಡೀರಿ ಸ್ವಾಮಿ, ಹುಳ ಅವೆ” ಎಂದಳಂತೆ. ನೀನು ಕೈ ಹಿಂದಕ್ಕೆ ಎಳೆದುಕೊಂಡೆ. “ಯಾವ ಜಾತಿಯವಳ ಬಟ್ಟೆಯೋ, ಥೂ, ದೂರ ಹೋಗು” ಎಂದೆ. ಬಟ್ಟೆ ಚೊಂಬಿಗೆ ತಾಕಿತೆಂದು ಆ ನೀರು ಚೆಲ್ಲಿಸಿ, ಬಾವಿಯಿಂದ ಹೊಸದಾಗಿ ತರಿಸಿ, ಅವಳೆದುರಿಗೇ ಗಟಗಟ ಕುಡಿದೆ. ಇದನ್ನೇಕೆ ನಿನ್ನ ವರದಿಯಲ್ಲಿ ಬರೆಯಲಿಲ್ಲ?

ಅಸಹ್ಯ ಗಂಗಾಧರ. ಬಾವಿಯ ನೀರು ಅಸಹ್ಯ, ಅದಕ್ಕಿಂತ ಇದು ಅಸಹ್ಯ. ನೀರನ್ನಾದರೂ ಸೋಸಬಹುದು.

ಓಬಯ್ಯ ಮಾತಿನಂತೆ ಮಗಳನ್ನು ಆದಿವಾಲಕ್ಕೆ ಬಿಟ್ಟು ಬಂದ. ನಾನು ಅಡ್ಡ ನಿಂತೆ. “ನೀವು ಕಲಿಸಿದ್ದು ಸರಿಯಾಗಿದ್ರೆ ಫೇಲು ಯಾಕಾದ್ಳು ಮೇಷ್ಟ್ರೇ?” ಎಂದ. ನೀನೇ ಬಂದು ಅವನಿಗೆ ಉತ್ತರ ಹೇಳು.

ಪಂಚಾಕ್ಷರಪ್ಪ

ಹೊಳಲ್ಕೆರೆ
೯ ಜೂನ್ ೧೯೦೯

ಪಂಚಾಕ್ಷರಪ್ಪನವರಿಗೆ,

ಹುದ್ದೆಯ ವಿಚಾರವನ್ನು ಖಾಸಗಿ ಪತ್ರದಲ್ಲಿ ತರಬಾರದು. ತಮ್ಮ ಭಾಷೆ ಮಿತಿ ಮೀರಿದೆ. ಹಳೆಯ ಸ್ನೇಹಕ್ಕಾಗಿ ಮೇಲಕ್ಕೆ ಬರೆಯದೆ ಬಿಟ್ಟಿದ್ದೇನೆ. ಮನೆಗೆಲಸದವಳ ಮಾತು ಕಟ್ಟಿಕೊಂಡು ಮನುಷ್ಯನ ಬೆಲೆ ಕಟ್ಟುವವರ ಜೊತೆ ನನಗೆ ಪತ್ರವ್ಯವಹಾರ ಬೇಕಿಲ್ಲ.

ಗಂಗಾಧರಪ್ಪ

ಹೊಳಲ್ಕೆರೆ
೨೨ ಏಪ್ರಿಲ್ ೧೯೧೦

ಪ್ರಿಯ ಮಿತ್ರ ಪಂಚಾಕ್ಷರಿಗೆ,

ಬಹಳ ದಿನವಾಯಿತು. ಹೊಸ ಸಂವತ್ಸರ ಬಂದಿದೆ, ಹಳೆಯದನ್ನು ಮರೆಯೋಣ. ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಮಾತ್ರ ಕಾಲು ಸ್ವಲ್ಪ ಉಳುಕಿ, ಈ ತಿಂಗಳ ಸುತ್ತಾಟ ನಿಂತಿದೆ. ಅಷ್ಟೇ.

ನಮ್ಮ ನೆರೆಮನೆಯವರೊಬ್ಬರಿಗೆ ನಿನ್ನ ಸಲಹೆ ಬೇಕಾಗಿದೆ. ಸಂಭಾವಿತ ಮನುಷ್ಯ. ಎಡಗಾಲಿನ ಹರಡಿನ ಮೇಲೆ ಮೊದಲು ಕೆಂಡ ಇಟ್ಟಂತೆ ಉರಿ. ಬೊಬ್ಬೆ ಎದ್ದು ಒಡೆಯಿತು. ಈಗ ಅದರೊಳಗೆ ಬಿಳಿಯ ಎಳೆಯಂಥದ್ದೊಂದು ಕಾಣುತ್ತದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ತಮ್ಮದೇ ಕಾಲನ್ನು ನೋಡಲಾರದೆ ಮೇಲೆ ಪಂಚೆ ಹೊದಿಸಿಕೊಂಡು ಕೂತಿರುತ್ತಾರೆ. ಹೆಂಡತಿಗೂ ತೋರಿಸಿಲ್ಲ. ಎಳೆದು ಕಿತ್ತು ಬಿಡಬಹುದೇ? ಬೇಗ ಬರೆ. ಹೆಸರು ಹೇಳುವುದು ಅವರಿಗೆ ಇಷ್ಟವಿಲ್ಲ.

ನಿನ್ನ
ಗಂಗಾಧರ

ಕರಿಕಲ್ಲಹಟ್ಟಿ
೨೯ ಏಪ್ರಿಲ್ ೧೯೧೦

ಗಂಗಾಧರ,

ನೆರೆಯವರ ಕಾಲಿನ ಉರಿಯನ್ನು ಇಷ್ಟು ಚೆನ್ನಾಗಿ ಬಲ್ಲ ಮನುಷ್ಯ ನೀನಲ್ಲ. ಪಂಚೆ ತೆಗೆ, ಕಾಲು ನೋಡಿಕೋ.

ಎಳೆದು ಕೀಳಬೇಡ. ತುಂಡಾದರೆ ಒಳಗೆ ಕೀವಾಗಿ ಕಾಲೇ ಹೋದೀತು. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತು. ದಿನಕ್ಕಿಷ್ಟು, ಅದು ಬಂದಷ್ಟೇ ಸುತ್ತು. ಬಿಗಿಯಾದರೆ ಅಲ್ಲಿಗೇ ನಿಲ್ಲಿಸು. ಹುಣ್ಣನ್ನು ಚೊಕ್ಕ ಬಟ್ಟೆಯಲ್ಲಿ ಕಟ್ಟು. ಉರಿ ತಡೆಯಲಾರದೆ ಕೆರೆಗೋ ಬಾವಿಗೋ ಕಾಲು ಇಳಿಬಿಟ್ಟೀಯೆ, ಹುಷಾರ್! ಆಸ್ಪತ್ರೆಗೆ ಹೋಗು. ಡಾಕ್ಟರಿಗೂ ಉಳುಕು ಎಂದು ಹೇಳಬೇಡ.

ನಿನ್ನ ಕಾಗದ ಓದಿ ನಗಬೇಕೆನ್ನಿಸಿತು. ನಗು ಬರಲಿಲ್ಲ. ಹುಳ ನಿನ್ನ ಕಾಲಿನಲ್ಲಿದ್ದರೂ ಓಬಯ್ಯನ ಕಾಲಿನಲ್ಲಿದ್ದರೂ ನೋಡುವುದಕ್ಕೆ ಒಂದೇ ಅಸಹ್ಯ.

ಒಂದು ವರ್ಷದ ಹಿಂದೆ ಯಾರ ಬಟ್ಟೆಯನ್ನು ದೂಡಿದೆ ಎಂಬುದನ್ನು ನಾನು ನೆನಪಿಸಬೇಕಾಗಿಲ್ಲ. ಆ ಹುಡುಗಿ ಇನ್ನೂ ಆದಿವಾಲದಲ್ಲಿ ಸೋದರತ್ತೆಯ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದಾಳೆ. ಅವಳಿಗೆ ಮತ್ತೆ ಪರೀಕ್ಷೆ ಮಾಡು. ಅದೇ ಪಾಠ, ಅದೇ ಪ್ರಶ್ನೆ. ಅವಳು ಹೇಳಿದ್ದನ್ನು ಬರೆದುಕೊಂಡು ಪಾಸು ಮಾಡು. ಪಾಸಾದರೆ ಶಾಲೆಗೆ ಕಳಿಸುತ್ತೇನೆಂದು ಓಬಯ್ಯನಿಂದ ಮಾತು ತೆಗೆದುಕೊಂಡಿದ್ದೇನೆ.

ಪಂಚಾಕ್ಷರಪ್ಪ

ಹೊಳಲ್ಕೆರೆ
೨೦ ಮೇ ೧೯೧೦

ಪಂಚಾಕ್ಷರಿ,

ನೀನು ಬರೆದಂತೆಯೇ ಮಾಡುತ್ತಿದ್ದೇನೆ. ದಿನಾ ಬೆಳಿಗ್ಗೆ ಕಡ್ಡಿ ತಿರುಗಿಸುವಾಗ ನನ್ನ ಮೈಯೇ ನನಗೆ ಹೇಸಿಗೆಯಾಗುತ್ತದೆ. ಇದು ಒಂದು ವರ್ಷ ನನ್ನೊಳಗೆ ಇತ್ತಲ್ಲ! ಕೋಟು ಹಾಕಿಕೊಂಡು, ಕುರ್ಚಿಯಲ್ಲಿ ಕೂತು ಮಕ್ಕಳಿಗೆ ನೀರು ನಿರ್ಮಲವೆಂದು ಹೇಳಿಸುತ್ತಿದ್ದಾಗಲೆಲ್ಲ ಒಳಗೆ ಇದು ಬೆಳೆಯುತ್ತಿತ್ತಲ್ಲ! ಹೆಂಡತಿಗೆ ಕೊನೆಗೂ ತೋರಿಸಿದೆ. ಅವಳು ಅಸಹ್ಯಪಡಲಿಲ್ಲ, ಅತ್ತಳು.

ಆ ಹುಡುಗಿಯ ಮುಖ ದಿನವೂ ಕಣ್ಣ ಮುಂದೆ ಬರುತ್ತದೆ. ಜೂನಿನಲ್ಲಿ ಹೊಸದುರ್ಗದಲ್ಲಿ ಕ್ಯಾಂಪು ಹಾಕುತ್ತೇನೆ. ಅವಳನ್ನು ಕರೆದುಕೊಂಡು ಬಾ. ಅವಳು ಕಂಡದ್ದನ್ನೇ ಹೇಳಲಿ. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಬರೆದು, ಪುಸ್ತಕವನ್ನು ತಿದ್ದಬೇಕೆಂದು ಮೇಲಕ್ಕೆ ಕಳಿಸುತ್ತೇನೆ. ನಿಮ್ಮ ಬಾವಿಯ ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಬೇಕೆಂದು ಅಮಲ್ದಾರರಿಗೂ ಬರೆದಿದ್ದೇನೆ. ಇದು ಸತ್ಯ, ನಂಬು.

ಗಂಗಾಧರ

ಕರಿಕಲ್ಲಹಟ್ಟಿ
೧೮ ಜೂನ್ ೧೯೧೦

ಗಂಗಾಧರ,

ನಿನ್ನನ್ನು ನಂಬಿದೆ. ನಂಬಿದ್ದಕ್ಕೆ ಮೋಸವಾಗಲಿಲ್ಲ, ಅದನ್ನು ಮೊದಲು ಹೇಳಿ ಬಿಡುತ್ತೇನೆ. ನೀನು ಮೃದುವಾಗಿ ಕೇಳಿದೆ. ಕಟ್ಟು ಕಟ್ಟಿದ ಕಾಲನ್ನು ಮುಚ್ಚಿಡದೆ ಮಣೆಯ ಮೇಲೆ ಚಾಚಿಕೊಂಡಿದ್ದೆ. ಲೇಖನಿ ಹಿಡಿದು ಕಾದೆ. ಆದರೂ ಆ ದಿನ ನಾನು ನಿನಗೆ ಹೇಳದೆ ಕ್ಯಾಂಪಿನಿಂದ ಹೊರಟುಬಿಟ್ಟೆ, ಏಕೆಂದು ನೀನು ಯೋಚಿಸುತ್ತಿರಬಹುದು.

ಆದಿವಾಲಕ್ಕೆ ನಾನೇ ಹೋಗಿದ್ದೆ. ಹುಡುಗಿ ಉದ್ದವಾಗಿದ್ದಾಳೆ, ಮಾತು ಕಡಿಮೆಯಾಗಿದೆ. ಮತ್ತೆ ಪರೀಕ್ಷೆಯೆಂದಾಗ ಖುಷಿಪಡಲಿಲ್ಲ, “ಪಾಸಾದ್ರೆ ಇಲ್ಲಿಗೆ ಬರಂಗಿಲ್ಲ ಅಲ್ವೇನ್ರಿ?” ಎಂದು ಮಾತ್ರ ಕೇಳಿದಳು. ಬರಬೇಕಾಗಿಲ್ಲ ಎಂದೆ. ದಾರಿಯುದ್ದಕ್ಕೂ ಗಾಡಿಯಲ್ಲಿ ಏನನ್ನೋ ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು. ದೇವರ ಹೆಸರು ಎಂದು ತಿಳಿದೆ.

ನೀನು ಕೇಳಿದೆ: ನೀರು ಹೇಗಿರುತ್ತದೆ, ಮಗು? ಅವಳು ಗೋಡೆ ನೋಡುತ್ತಾ ಪುಸ್ತಕದ ಸಾಲುಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ನಿನ್ನ ಮುಖ ಸಪ್ಪಗಾಯಿತು. “ನಿಮ್ಮೂರಿನ ಬಾವಿಯ ನೀರು?” ಎಂದೆ ನೀನು. “ಎಲ್ಲಾ ನೀರೂ ಹಂಗೇ ಇರ್ತೈತೆ ಸ್ವಾಮಿ” ಎಂದಳು. “ಹೆದರಬೇಡ, ನೀನು ಕನ್ನಡಿಯಲ್ಲಿ ಕಂಡದ್ದನ್ನು ಹೇಳು” ಎಂದು ಅಂಗಲಾಚಿದೆ. ಅವಳು ನಿನ್ನ ಕಾಲಿನ ಕಟ್ಟನ್ನು ನೋಡಿದಳು, ಅವಳಿಗೆ ಎಲ್ಲವೂ ಗೊತ್ತಾಯಿತು, ಗೊತ್ತಾದದ್ದು ನನಗೂ ಕಂಡಿತು. ಆದರೂ, “ಏನೂ ಕಂಡಿಲ್ಲ ಸ್ವಾಮಿ. ನೀರು ನಿರ್ಮಲ” ಎಂದಳು. ನೀನು ಇನ್ನೇನು ಮಾಡುತ್ತೀಯೆ? ಪುಸ್ತಕದ ಪ್ರಕಾರ ಪೂರ್ತಿ ಸರಿ. ತೇರ್ಗಡೆ ಎಂದು ಬರೆದೆ.

ಓಬಯ್ಯ ಬೀದಿಯಲ್ಲೇ ಮಗಳನ್ನು ಎತ್ತಿ ಕುಣಿದ. ಸೋಮವಾರದಿಂದ ಶಾಲೆಗೆ ಬರುತ್ತಿದ್ದಾಳೆ. ನಾನು ಬೇಡಿದ್ದು ಅದೇ ತಾನೇ, ಸಿಕ್ಕಿತು. ಆದರೆ ನನಗೆ ಎಂಥ ಅಸಹ್ಯವಾಯಿತೆಂದರೆ, ಆ ಹುಳವನ್ನು ಕಣ್ಣಾರೆ ಕಂಡಾಗಲೂ ಅಷ್ಟಾಗಿರಲಿಲ್ಲ. ನಿನ್ನ ಮೇಲಲ್ಲ. ಅವಳ ಮೇಲಂತೂ ಅಲ್ಲವೇ ಅಲ್ಲ. ನಾನು ಮೇಷ್ಟ್ರೆಂದು ಹೇಳಿಕೊಳ್ಳುವ ಈ ಕಸುಬಿನ ಮೇಲೆ.

ವಾಪಸು ಬರುವಾಗ ಗಾಡಿಯಲ್ಲಿ ತಡೆಯಲಾರದೆ ಕೇಳಿದೆ: “ಹಾಗೇಕೆ ಹೇಳಿದೆ ಚಿತ್ತಮ್ಮಾ? ಸಾಹೇಬರು ನಿಜ ಹೇಳೆಂದು ಬೇಡಿಕೊಂಡರಲ್ಲ?” ಅವಳು ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು:

“ಹೋದ ಸಲಾನೂ ಕೇಳಿದ್ರಲ್ರಿ. ನಿಜ ಹೇಳಿ ಒಂದೊರ್ಸ ಮಕ್ಳನ್ನ ಹೊತ್ತೆ. ನೀವೂ ಇನ್ಮ್ಯಾಲೆ ಪುಸ್ತಕದಾಗೆ ಇದ್ದಂಗೇ ಹೇಳ್ಕೊಡ್ರಿ ಮೇಷ್ಟ್ರೇ. ನೀರು ನಾವು ಮನಿಯಾಗೆ ಸೋಸ್ಕಂತೀವಿ.”

ಪಂಚಾಕ್ಷರಪ್ಪ